‘ಸರ್ವರ್ ಇಲ್ಲ, ನಾಳೆ ಬನ್ನಿ’



“ಸರ್ವರ್ ಇಲ್ಲ, ನಾಳೆ ಬನ್ನಿ.”

ಈ ಮಾತನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಹೀಗೆ ಎಲ್ಲಾದರೊಂದು ಕಡೆ ಕೇಳಿಯೇ ಇರುತ್ತೀರಿ. ಹೇಳುವವರಿಗೆ ಅದು ನಾಲ್ಕೇ ಪದ. ಕೇಳಿದವಳಿಗೆ ಅದು ಹೋಗಿಬರುವ ಬಸ್ಸಿನ ಖರ್ಚು, ಪಕ್ಕದ ಮನೆಯಲ್ಲಿ ಬಿಟ್ಟುಬಂದ ಮಗು, ಕೈತಪ್ಪಿದ ಒಂದು ದಿನದ ದುಡಿಮೆ. ಆದರೂ ಸರ್ವರ್ ಎಂದರೇನು, ಅದು ‘ಇಲ್ಲ’ ಎಂದರೆ ಎಲ್ಲಿಗೆ ಹೋಯಿತು ಎಂದು ನಾವು ಕೇಳುವುದಿಲ್ಲ. ಕಂಪ್ಯೂಟರಿನ ವಿಷಯ ನಮಗೇಕೆ ಎಂದು ಸುಮ್ಮನೆ ಮನೆಗೆ ಮರಳುತ್ತೇವೆ.

ನಾನೂ ಹಾಗೆಯೇ ಮರಳಿದವಳು. ಆದರೆ ಕಳೆದ ಮಳೆಗಾಲದಲ್ಲಿ ಈ ಮಾತನ್ನು ಹೇಳುವ ಕಡೆಯಲ್ಲಿ ನಾನೇ ನಿಲ್ಲಬೇಕಾಗಿ ಬಂತು. ಅಂದು ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಈ ತಿಂಗಳು ಬರೆಯುತ್ತಿದ್ದೇನೆ.

ಅದು ಜೂನ್ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ನಾನು ಶಾಲೆಗೆ ಬಂದಾಗ ಕಚೇರಿಯ ಜಗಲಿಯಲ್ಲಿ ಒಬ್ಬ ತಾಯಿ ಕುಳಿತಿದ್ದರು. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸುತ್ತಿರುವ ಹೆಣ್ಣು. ಅವರ ಹಿರಿಯ ಮಗಳು ನಮ್ಮಲ್ಲೇ ಹತ್ತನೇ ತರಗತಿ ಮುಗಿಸಿದವಳು. ಪಿಯುಸಿ ಸೇರಲು ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಶನಿವಾರ ಬಂದಾಗ ‘ಸರ್ವರ್ ಇಲ್ಲ’ ಎಂಬ ಉತ್ತರ ಸಿಕ್ಕಿತ್ತು. ಸೋಮವಾರವೂ ಅದೇ ಉತ್ತರ. ಕಾಲೇಜಿನವರು ಕೊಟ್ಟ ಗಡುವು ಅಂದೇ ಸಂಜೆ ನಾಲ್ಕು ಗಂಟೆಗೆ ಮುಗಿಯುತ್ತಿತ್ತು.

“ಎರಡು ದಿನದ ಬೀಡಿ ಹೋಯಿತು ಟೀಚರ್. ಅದು ಹೋಗಲಿ. ಇವಳ ಸೀಟು ಹೋಗದಿದ್ದರೆ ಸಾಕು” ಎಂದರು.

ಒಳಗೆ ಹೋದರೆ ಅಲ್ಲಿ ಬೇರೆಯೇ ದೃಶ್ಯ. ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ. “ಇವಳೇ ಏನೋ ಒತ್ತಿ ಹಾಳು ಮಾಡಿರಬೇಕು” ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಯಂತ್ರವನ್ನು ನೋಡದೆಯೇ “ಸಂಜೆ ಬಂದು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇನೆ” ಎಂದಿದ್ದ.

ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸಿ ಹಾಕುವುದು. ಮಕ್ಕಳ ಹಾಜರಿ, ಅಂಕ, ತಂದೆ ತಾಯಂದಿರು ನೂರು ಇನ್ನೂರರಂತೆ ಕಂತಿನಲ್ಲಿ ಕಟ್ಟಿದ ಶುಲ್ಕದ ಲೆಕ್ಕ ಎಲ್ಲವೂ ಆ ಯಂತ್ರದಲ್ಲಿತ್ತು. ಅದರ ಪ್ರತಿ ಇದೆಯೇ ಎಂದು ಕೇಳಿದಾಗ ಕಪಾಟಿನಿಂದ ಒಂದು ಪೆನ್ ಡ್ರೈವ್ ಹೊರಬಂತು. ಅದರಲ್ಲಿದ್ದ ಪ್ರತಿ ಎಂಟು ತಿಂಗಳು ಹಳೆಯದು! ಅಳಿಸಿದ್ದರೆ ಎಂಟು ತಿಂಗಳು ಹಣ ಕಟ್ಟಿದವರನ್ನು ‘ನೀವು ಕಟ್ಟಿದ್ದಕ್ಕೆ ರಸೀದಿ ಇದೆಯೇ?’ ಎಂದು ಕೇಳುವ ಪರಿಸ್ಥಿತಿ ಬರುತ್ತಿತ್ತು. ಜನರು ನಮ್ಮ ಕೈಗೆ ಕೊಟ್ಟ ಲೆಕ್ಕ ಅಮಾನತ್ ಅಲ್ಲವೇ? ನನ್ನ ಎದೆ ಝಲ್ಲೆಂದಿತು.

ಹಾಗಾದರೆ ಈ ಸರ್ವರ್ ಎಂದರೇನು?

ಡೇಟಾಬೇಸ್ ಎಂದರೆ ದಾಖಲೆಗಳನ್ನು ಸಾಲು ಸಾಲಾಗಿ, ಬೇಕೆಂದಾಗ ಕೂಡಲೇ ಸಿಗುವಂತೆ ಜೋಡಿಸಿಟ್ಟ ಕಪಾಟು. ಸರ್ವರ್ ಎಂದರೆ ಆ ಕಪಾಟಿನ ಕೀಲಿ ಹಿಡಿದು ಕುಳಿತ ಉಗ್ರಾಣಿ. ಕಚೇರಿಯ ಕಂಪ್ಯೂಟರಿನಲ್ಲಿ ನಮಗೆ ಕಾಣುವುದು ಕಪಾಟಲ್ಲ. ಅದು ಒಂದು ಕಿಟಕಿ ಮಾತ್ರ. ನಾವು ಹೆಸರು ಟೈಪ್ ಮಾಡಿದಾಗ ಆ ಕಿಟಕಿಯಿಂದ ಒಂದು ಬೇಡಿಕೆ ಉಗ್ರಾಣಿಯ ಬಳಿಗೆ ಹೋಗುತ್ತದೆ. ಅವನು ಕಪಾಟು ತೆರೆದು ಕಾಗದವನ್ನು ತೆಗೆದು ಕಳುಹಿಸುತ್ತಾನೆ. ನಮ್ಮ ಶಾಲೆಯಲ್ಲಿ ಈ ಉಗ್ರಾಣಿ ಇರುವುದು ಮುಖ್ಯೋಪಾಧ್ಯಾಯಿನಿಯವರ ಕೊಠಡಿಯ ಮೂಲೆಯ ಕಂಪ್ಯೂಟರಿನಲ್ಲಿ. ಬ್ಯಾಂಕಿನದ್ದಾದರೆ ನೂರಾರು ಕಿಲೋಮೀಟರ್ ದೂರದಲ್ಲಿರಬಹುದು. ಕೆಲಸದ ರೀತಿ ಮಾತ್ರ ಒಂದೇ.

ಆದ್ದರಿಂದ ‘ಸರ್ವರ್ ಸಿಗುತ್ತಿಲ್ಲ’ ಎಂದಾಗ ಕಪಾಟು ಸುಟ್ಟುಹೋಯಿತೆಂದು ಭಾವಿಸಬೇಕಾಗಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಕಪಾಟು ಭದ್ರವಾಗಿರುತ್ತದೆ, ಉಗ್ರಾಣಿಯೂ ಕುಳಿತಿರುತ್ತಾನೆ. ಕಿಟಕಿಗೂ ಅವನಿಗೂ ನಡುವೆ ಎಲ್ಲೋ ಮಾತು ಕಡಿದಿರುತ್ತದೆ.

ನಮ್ಮ ಶಾಲೆಯಲ್ಲಿರುವ ಉಗ್ರಾಣಿಯ ಹೆಸರು ಮೈಎಸ್‌ಕ್ಯೂಎಲ್. ಜಗತ್ತಿನಾದ್ಯಂತ ಸಣ್ಣ ದೊಡ್ಡ ಸಂಸ್ಥೆಗಳು ಬಳಸುವ ಡೇಟಾಬೇಸ್ ಇದು. 1995ರಲ್ಲಿ ಸ್ವೀಡನ್ನಿನ ಒಂದು ಕಂಪನಿಯಿಂದ ಹೊರಬಂತು. ಇದರಲ್ಲಿರುವ ‘ಮೈ’ ಎಂಬುದನ್ನು ಇಂಗ್ಲಿಷಿನ ‘ನನ್ನ’ ಎಂಬ ಪದವೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಅದು ಇದನ್ನು ರಚಿಸಿದವರಲ್ಲಿ ಒಬ್ಬರಾದ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಅವರ ಹಿರಿಯ ಮಗಳ ಹೆಸರು. ಮುಂದೆ 2009ರಲ್ಲಿ ಅವರು ಇದರದ್ದೇ ಇನ್ನೊಂದು ಕವಲನ್ನು ಆರಂಭಿಸಿದಾಗ ಕಿರಿಯ ಮಗಳು ಮರಿಯಾಳ ಹೆಸರಿನಿಂದ ‘ಮರಿಯಾಡಿಬಿ’ ಎಂದು ಕರೆದರು. ಹೆಣ್ಣುಮಕ್ಕಳ ಹೆಸರು ಹೊತ್ತ ಈ ಯಂತ್ರಗಳನ್ನು ‘ಹೆಂಗಸರಿಗೆ ಅರ್ಥವಾಗದ ವಿಷಯ’ ಎಂದು ನಾವು ದೂರ ಇಡಬೇಕೇ?

ಮೊದಲು ಓದಿ ನೋಡಿ

ನಾನು ದಮ್ಮಾಮಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿರುವ ನನ್ನ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆ, “ಚಿಕ್ಕಮ್ಮಾ, ಪರದೆಯ ಮೇಲೆ ಏನು ಬರೆದಿದೆ? ಅಕ್ಷರ ಬಿಡದೆ ಓದಿ ಹೇಳಿ.”

ನಾನು ಹುಡುಗಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಶನಿವಾರದಿಂದ ಆ ಸಣ್ಣ ಚೌಕ ಹತ್ತಾರು ಬಾರಿ ಪರದೆಯ ಮೇಲೆ ಬಂದಿತ್ತು. ಪ್ರತಿ ಸಲವೂ ‘ಓಕೆ’ ಒತ್ತಿ ಮುಚ್ಚಿದ್ದೆವು. ಒಬ್ಬರೂ ಅದನ್ನು ಕೊನೆಯವರೆಗೆ ಓದಿರಲಿಲ್ಲ!

ಮದ್ರಸದಲ್ಲಿ ಅಕ್ಷರ ಕಲಿತವರಿಗೆ ಇದು ನಾಚಿಕೆಯ ವಿಷಯ. ಒಂದು ಚುಕ್ಕಿ ಕೆಳಗಿದ್ದರೆ ‘ಬಾ’, ಎರಡು ಚುಕ್ಕಿ ಮೇಲಿದ್ದರೆ ‘ತಾ’. ಒಂದು ಚುಕ್ಕಿ ಅತ್ತಿತ್ತ ಆದರೆ ಅರ್ಥವೇ ಬದಲಾಗುತ್ತದೆ ಎಂದು ಮಕ್ಕಳಿಗೆ ದಿನವೂ ಹೇಳುವವಳು ನಾನು. ಈ ಯಂತ್ರದ ಮಾತೂ ಹಾಗೆಯೇ. ಅದು ಕೊಡುವ ಸಂಖ್ಯೆಯಲ್ಲಿ ಒಂದು ಅಂಕಿ ವ್ಯತ್ಯಾಸವಾದರೆ ದೋಷವೇ ಬೇರೆ.

ಇದನ್ನು ಅರ್ಥಮಾಡಿಕೊಳ್ಳಲು ಒಂದು ಉದಾಹರಣೆ. ನೀವು ಮಗಳನ್ನು ಸಂಬಂಧಿಕರ ಮನೆಗೆ ಒಂದು ಪಾತ್ರೆ ತರಲು ಕಳುಹಿಸಿದ್ದೀರಿ. ಅವಳು ಬರಿಗೈಯಲ್ಲಿ ಬಂದಳು. ‘ಏಕೆ?’ ಎಂದು ಕೇಳುತ್ತೀರಿ. ಅವಳ ಉತ್ತರ ಹಲವು ಬಗೆಯದ್ದಾಗಿರಬಹುದು.

‘ದಾರಿಯಲ್ಲಿ ಸೇತುವೆ ಮುಳುಗಿದೆ’ ಎನ್ನಬಹುದು. ಇದು ಕೇಬಲ್ ಕಳಚಿದ, ವೈಫೈ ಕಡಿದ, ವಿದ್ಯುತ್ ಇಲ್ಲದ ದೋಷ. ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಪುಟ್ಟ ದೀಪ ಮಿನುಗುತ್ತಿದೆಯೇ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ದಾರಿ ಇದೆಯೇ ಎಂದು ತಿಳಿಯಲು ‘ಪಿಂಗ್’ ಎಂಬ ಒಂದು ಆದೇಶವೂ ಇದೆ. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬವರು ಇದನ್ನು ಬರೆದರು. ಜಲಾಂತರ್ಗಾಮಿ ನೌಕೆಗಳು ನೀರಿನೊಳಗೆ ಸದ್ದು ಕಳುಹಿಸಿ ಪ್ರತಿಧ್ವನಿಯಿಂದ ಎದುರಿಗೆ ಏನಿದೆಯೆಂದು ತಿಳಿಯುತ್ತವೆಯಲ್ಲ, ಆ ಸದ್ದಿನಿಂದಲೇ ಈ ಹೆಸರು ಬಂದಿದೆ. ಒಂದು ಕಂಪ್ಯೂಟರನ್ನು ಕೂಗಿ ಕರೆಯುವುದು, ಅದು ಓಗೊಡುತ್ತದೆಯೇ ಎಂದು ಕೇಳುವುದು, ಇಷ್ಟೇ ಅದರ ಕೆಲಸ.

‘ಅಂತಹ ಹೆಸರಿನ ಮನೆಯೇ ಇಲ್ಲವಂತೆ’ ಎನ್ನಬಹುದು. ಇದು ವಿಳಾಸದ ದೋಷ. ಪ್ರತಿ ಕಂಪ್ಯೂಟರಿಗೂ ನಾಲ್ಕು ಸಂಖ್ಯೆಗಳ ಒಂದು ವಿಳಾಸವಿರುತ್ತದೆ, ಐಪಿ ವಿಳಾಸ ಎನ್ನುತ್ತಾರೆ. ಅದರ ಬದಲು ಹೆಸರನ್ನು ಬರೆದಿದ್ದು, ಆ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಮೈಎಸ್‌ಕ್ಯೂಎಲ್‌ನಲ್ಲಿ 2005 ಎಂಬ ಸಂಖ್ಯೆ ಬರುತ್ತದೆ.

‘ಬಾಗಿಲು ಬಡಿದೆ ಬಡಿದೆ, ಯಾರೂ ಮಾತಾಡಲಿಲ್ಲ’ ಎನ್ನಬಹುದು. ‘ಈ ಬಾಗಿಲಲ್ಲಿ ಯಾರೂ ಇಲ್ಲ, ಹೋಗು ಎಂದು ಕೂಡಲೇ ಹೇಳಿದರು’ ಎಂದೂ ಹೇಳಬಹುದು. ಕೇಳಲು ಎರಡೂ ಒಂದೇ ಅನ್ನಿಸುತ್ತದೆ. ಆದರೆ ಒಂದೇ ಅಲ್ಲ. ಕಂಪ್ಯೂಟರಿಗೆ ಹಲವು ಬಾಗಿಲುಗಳಿವೆ, ಅವನ್ನು ಪೋರ್ಟ್ ಎನ್ನುತ್ತಾರೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ 3306ನೇ ಬಾಗಿಲಲ್ಲಿ ಕುಳಿತಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ 5432ರಲ್ಲಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 1433ರಲ್ಲಿ. ಎರಡೂ ಸಂದರ್ಭಗಳಲ್ಲಿ 2003 ಎಂಬ ಸಂಖ್ಯೆ ಬರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯೂ ಇರುತ್ತದೆ. 10060 ಎಂದಿದ್ದರೆ ಎದುರಿನಿಂದ ಉತ್ತರವೇ ಬಂದಿಲ್ಲ, ಕಾದು ಕಾದು ಸಾಕಾಯಿತು ಎಂದರ್ಥ. ಆ ವಿಳಾಸದಲ್ಲಿ ಯಂತ್ರವೇ ಇಲ್ಲದಿರಬಹುದು, ಇಲ್ಲವೇ ಫೈರ್‌ವಾಲ್ ಎಂಬ ಕಾವಲುಗಾರ ಒಳಗೆ ಬಿಡದಿರಬಹುದು. 10061 ಎಂದಿದ್ದರೆ ಯಂತ್ರ ಇದೆ, ಆದರೆ ಆ ಬಾಗಿಲ ಹಿಂದೆ ಉಗ್ರಾಣಿ ಇಲ್ಲ, ಆದ್ದರಿಂದ ತಿರಸ್ಕರಿಸಿತು ಎಂದು ಸಾಮಾನ್ಯ ಅರ್ಥ. ಆಗ ಆ ಯಂತ್ರದಲ್ಲಿ ‘ಸರ್ವಿಸಸ್’ ಎಂಬ ಪಟ್ಟಿ ತೆರೆದು ಮೈಎಸ್‌ಕ್ಯೂಎಲ್ ಓಡುತ್ತಿದೆಯೇ ಎಂದು ನೋಡಬೇಕು. ನಿಂತಿದ್ದರೆ ಅದು ಏಕೆ ನಿಂತಿತೆಂದು ತನ್ನ ದಿನಚರಿಯಲ್ಲಿ ಅದೇ ಬರೆದಿಟ್ಟಿರುತ್ತದೆ. ಡಿಸ್ಕಿನಲ್ಲಿ ಜಾಗ ತುಂಬಿಹೋದರೂ ಹೀಗಾಗುವುದುಂಟು.

‘ನೀನು ಯಾರೆಂದು ಗುರುತಾಗಲಿಲ್ಲ ಎಂದರು’ ಎನ್ನಬಹುದು. ಇದು ಹೆಸರು ಅಥವಾ ಪಾಸ್‌ವರ್ಡ್ ತಪ್ಪಾದ ದೋಷ, ಸಂಖ್ಯೆ 1045. ‘ನಿನ್ನ ಮನೆಯವರಿಗೆ ಇಲ್ಲಿ ಪ್ರವೇಶವಿಲ್ಲ’ ಎಂದರೆ 1130. ಆ ಕಂಪ್ಯೂಟರಿನಿಂದ ಬರುವವರಿಗೆ ಅನುಮತಿ ಕೊಟ್ಟಿಲ್ಲ ಎಂದರ್ಥ. ಈ ಎರಡು ಬಂದರೆ ಸಮಾಧಾನಪಡಬೇಕು. ದಾರಿ, ಮನೆ, ಬಾಗಿಲು, ಉಗ್ರಾಣಿ ಎಲ್ಲವೂ ಸರಿಯಿವೆ ಎಂದು ತಿಳಿಯಿತಲ್ಲ!

‘ಮನೆ ತುಂಬ ನೆಂಟರು, ಕಾಲಿಡಲು ಜಾಗವಿಲ್ಲ’ ಎನ್ನಬಹುದು. ಸಂಖ್ಯೆ 1040. ಮೈಎಸ್‌ಕ್ಯೂಎಲ್ ಬೇರೇನೂ ಹೇಳದಿದ್ದರೆ ಏಕಕಾಲದಲ್ಲಿ 151 ಸಂಪರ್ಕಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಬಂದವರು ಕೆಲಸ ಮುಗಿದರೂ ಎದ್ದು ಹೋಗದಿದ್ದರೆ ಹೊಸಬರಿಗೆ ಜಾಗವಿರುವುದಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ನುಗ್ಗಿದಾಗ ಅಂತಹ ದೊಡ್ಡ ಸರ್ವರುಗಳೂ ತತ್ತರಿಸುವುದಕ್ಕೆ ಇಂತಹ ನೂಕುನುಗ್ಗಲೂ ಒಂದು ಕಾರಣ.

ಕೊನೆಯದಾಗಿ, ‘ಹೋಗಿ ಕುಳಿತೆ, ಮಾತಾಡದೆ ಕುಳಿತದ್ದಕ್ಕೆ ಬಾಗಿಲು ಹಾಕಿಕೊಂಡರು’ ಎನ್ನಬಹುದು. ಎಂಟು ಗಂಟೆಗಳ ಕಾಲ ಏನನ್ನೂ ಕೇಳದೆ ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ತಾನಾಗಿಯೇ ಕಡಿದುಹಾಕುತ್ತದೆ. ಸಂಜೆ ಮುಚ್ಚದೆ ಹೋದ ಕಿಟಕಿಯಲ್ಲಿ ಬೆಳಿಗ್ಗೆ 2006 ಎಂಬ ಸಂಖ್ಯೆ ಕಾಣುವುದುಂಟು. ಮುಚ್ಚಿ ಮತ್ತೆ ತೆರೆದರೆ ಸರಿಯಾಗುತ್ತದೆ. ಇದಕ್ಕೂ ರಿಪೇರಿಯವನಿಗೆ ಹಣ ಕೊಟ್ಟವರಿದ್ದಾರೆ.

ನೋಡಿದಿರಾ? ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನೊಳಗೆ ಎಷ್ಟು ಬೇರೆ ಬೇರೆ ಕಾಯಿಲೆಗಳು! ಜ್ವರ ಎಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಮದ್ದು ಕೊಡುತ್ತೇವೆಯೇ?

ಓಗೊಟ್ಟದ್ದು ಯಾರು?

ನಮ್ಮ ಪರದೆಯ ಮೇಲಿದ್ದದ್ದು 2003, ಪಕ್ಕದಲ್ಲಿ 10061. ಸರ್ವರಿನ ವಿಳಾಸ 192.168.1.10 ಎಂದೂ ಅದರಲ್ಲೇ ಇತ್ತು.

ಅಕ್ಕನ ಮಗ ಹೇಳಿದಂತೆ ಹುಡುಗಿ ಆ ವಿಳಾಸಕ್ಕೆ ಪಿಂಗ್ ಮಾಡಿದಳು. ಓಗೊಟ್ಟಿತು! ಅಂದರೆ ದಾರಿ ಸರಿಯಿದೆ, ಯಂತ್ರ ಇದೆ, ಉಗ್ರಾಣಿ ಮಾತ್ರ ಎದ್ದುಹೋಗಿದ್ದಾನೆ ಎಂದುಕೊಂಡೆವು. ಮುಖ್ಯೋಪಾಧ್ಯಾಯಿನಿಯವರ ಕೊಠಡಿಗೆ ಹೋಗಿ ‘ಸರ್ವಿಸಸ್’ ಪಟ್ಟಿ ನೋಡಿದರೆ ಮೈಎಸ್‌ಕ್ಯೂಎಲ್ ಓಡುತ್ತಲೇ ಇತ್ತು. ಆ ಯಂತ್ರದಲ್ಲೇ ನಮ್ಮ ಕಾರ್ಯಕ್ರಮವನ್ನು ತೆರೆದರೆ ಅದೂ ತೆರೆದುಕೊಂಡಿತು. ಮಕ್ಕಳ ಹೆಸರು, ಶುಲ್ಕ, ಅಂಕ ಎಲ್ಲವೂ ಇದ್ದವು. ಅಲ್ ಹಮ್ದು ಲಿಲ್ಲಾಹ್! ಮೂಲೆಯ ಆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಸಂಜೆ ಫಾರ್ಮ್ಯಾಟ್ ಮಾಡಬೇಕೆಂದಿದ್ದುದು ಈ ಆರೋಗ್ಯವಂತ ಯಂತ್ರವನ್ನೇ!

ಹಾಗಾದರೆ ಕಚೇರಿಯಿಂದ ಏಕೆ ಸಿಗುತ್ತಿಲ್ಲ? ಅಕ್ಕನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿಕ್ಕಮ್ಮಾ, ಈ ಯಂತ್ರ ತನ್ನ ವಿಳಾಸ ಏನೆಂದು ಹೇಳುತ್ತದೆ ಕೇಳಿ” ಎಂದ. ಅದಕ್ಕೆ ‘ಐಪಿಕಾನ್ಫಿಗ್’ ಎಂಬ ಆದೇಶವಿದೆ. ಹುಡುಗಿ ಅದನ್ನು ಟೈಪ್ ಮಾಡಿದಳು. ಉತ್ತರ ಬಂತು: 192.168.1.14.

ಹತ್ತು ಅಲ್ಲ, ಹದಿನಾಲ್ಕು!

ಆಗ ನೆನಪಾಯಿತು. ಗುರುವಾರ ರಾತ್ರಿಯ ಸಿಡಿಲಿಗೆ ನಮ್ಮ ಇಂಟರ್ನೆಟ್ ರೂಟರ್ ಸುಟ್ಟುಹೋಗಿತ್ತು. ಶುಕ್ರವಾರ ಸಂಜೆ ಹೊಸದನ್ನು ಕೂರಿಸಿ ಹೋಗಿದ್ದರು. ಮನೆಗಳಿಗೆ ನಂಬರು ಹಂಚುವಂತೆ ಕಂಪ್ಯೂಟರುಗಳಿಗೆ ವಿಳಾಸ ಹಂಚುವುದು ಈ ರೂಟರಿನ ಕೆಲಸ. ‘ಸರ್ವರಿಗೆ ಯಾವಾಗಲೂ ಹತ್ತನ್ನೇ ಕೊಡು’ ಎಂದು ಹಳೆಯ ರೂಟರಿಗೆ ಯಾರೋ ಹೇಳಿಟ್ಟಿದ್ದರು. ಹೊಸ ರೂಟರಿಗೆ ಅದು ಹೇಗೆ ಗೊತ್ತಾಗಬೇಕು? ಬಂದವರಿಗೆ ಬಂದ ಕ್ರಮದಲ್ಲಿ ಹಂಚಿತ್ತು. ಹತ್ತನೆಯ ನಂಬರು ಒಬ್ಬ ಶಿಕ್ಷಕಿಯ ಮೊಬೈಲಿಗೆ ಹೋಗಿತ್ತು. ನಾವು ಕೂಗಿದಾಗ ‘ಓ’ ಎಂದದ್ದು ಆ ಮೊಬೈಲ್! ಅದರಲ್ಲಿ ಮೈಎಸ್‌ಕ್ಯೂಎಲ್ ಎಲ್ಲಿಂದ ಬರಬೇಕು? ‘ಇಲ್ಲಿ ಯಾರೂ ಇಲ್ಲ’ ಎಂದು ಅದು ಸತ್ಯವನ್ನೇ ಹೇಳಿತ್ತು.

ಸರ್ವರಿಗೆ ಹಳೆಯ ವಿಳಾಸವನ್ನೇ ಕಾಯ್ದಿರಿಸಿ, ಆ ಮೊಬೈಲನ್ನು ವೈಫೈಯಿಂದ ಬಿಡಿಸಿ, ಎಲ್ಲವನ್ನೂ ಮತ್ತೆ ಚಾಲೂ ಮಾಡಿದೆವು. ಕಚೇರಿಯ ಕಿಟಕಿ ತೆರೆಯಿತು. ಎಲ್ಲ ಸೇರಿ ಮುಕ್ಕಾಲು ಗಂಟೆ. ಒಂದು ರೂಪಾಯಿ ಖರ್ಚಿಲ್ಲ.

ಆ ಹುಡುಗಿ ಏನನ್ನೂ ಒತ್ತಿ ಹಾಳು ಮಾಡಿರಲಿಲ್ಲ. ಶನಿವಾರ ಬೆಳಿಗ್ಗೆ ಮೊದಲು ಕಂಪ್ಯೂಟರ್ ತೆರೆದದ್ದು ಅವಳು, ಅಷ್ಟೇ ಅವಳ ತಪ್ಪು. ನಾನು ಎಲ್ಲರ ಎದುರಿಗೇ, “ಮಗಳೇ, ನಿನ್ನನ್ನು ಸಂಶಯಿಸಿದ್ದಕ್ಕೆ ಕ್ಷಮಿಸು” ಎಂದೆ. ಒಳಗೊಳಗೆ ಬೈದು, ಗುಟ್ಟಾಗಿ ಕ್ಷಮೆ ಕೇಳಿದರೆ ಸಾಕೇ? ಆರೋಪ ನಾಲ್ಕು ಜನರ ನಡುವೆ ಬಂದಿತ್ತಲ್ಲವೇ?

ಅವಸರದ ಬೆಲೆ

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಗಿಟ್‌ಲ್ಯಾಬ್ ಎಂಬುದು ಕಂಪ್ಯೂಟರ್ ಕಾರ್ಯಕ್ರಮ ಬರೆಯುವವರು ತಮ್ಮ ಬರಹಗಳನ್ನು ಇಡುವ ಒಂದು ಅಂತಾರಾಷ್ಟ್ರೀಯ ಸಂಸ್ಥೆ. 2017ರ ಜನವರಿ 31ರ ರಾತ್ರಿ ಅವರ ಡೇಟಾಬೇಸಿನ ಎರಡು ಸರ್ವರುಗಳ ನಡುವೆ ನಕಲು ಸಾಗುವುದು ನಿಂತಿತು. ಸರಿಪಡಿಸಲು ಕುಳಿತ ಸಿಬ್ಬಂದಿ ಒಂದೊಂದಾಗಿ ಪ್ರಯತ್ನಿಸಿದರು. ಸಂಪರ್ಕಗಳ ಮಿತಿಯನ್ನು 8000ದಿಂದ 2000ಕ್ಕೆ ಇಳಿಸಿಯೂ ನೋಡಿದರು. ರಾತ್ರಿ ಬಹಳವಾಗಿತ್ತು, ಆಯಾಸವಾಗಿತ್ತು. ಎರಡನೆಯ ಸರ್ವರಿನಲ್ಲಿ ಅಳಿಸಬೇಕಾಗಿದ್ದುದನ್ನು ಒಬ್ಬರು ಮುಖ್ಯ ಸರ್ವರಿನಲ್ಲೇ ಅಳಿಸಲು ಆದೇಶ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ದಿನವೂ ಆಗುತ್ತಿದೆ ಎಂದು ನಂಬಿದ್ದ ಬ್ಯಾಕಪ್ ನೋಡಿದರೆ ಅದು ಆಗುತ್ತಲೇ ಇರಲಿಲ್ಲ. ಆರು ಗಂಟೆಗಳ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿಯಿಂದಾಗಿ ಅವರು ಬಚಾವಾದರು. ಆ ಆರು ಗಂಟೆಗಳ ಮಾಹಿತಿ ಮಾತ್ರ ಹೋದದ್ದು ಹೋಯಿತು.

ಇದರಲ್ಲಿ ನನಗೆ ಮೆಚ್ಚುಗೆಯಾದ ಒಂದು ಸಂಗತಿಯಿದೆ. ಸಂಸ್ಥೆ ಏನನ್ನೂ ಮುಚ್ಚಿಡಲಿಲ್ಲ. ಎಲ್ಲೆಲ್ಲಿ ಎಡವಿದೆವು ಎಂದು ವಿವರವಾಗಿ ಬರೆದು ಪ್ರಕಟಿಸಿತು. ಆ ವಿವರಣೆಯಲ್ಲಿ ಒಬ್ಬನನ್ನು ಗುರಿಮಾಡಿ ಕಲ್ಲೆಸೆಯಲಿಲ್ಲ. ಒಬ್ಬನ ಒಂದು ತಪ್ಪು ಬೆರಳಿಗೆ ಎಲ್ಲವೂ ಹೋಗುವಂತಿದ್ದರೆ ದೋಷ ವ್ಯವಸ್ಥೆಯಲ್ಲೂ ಇದೆಯೆಂದು ಒಪ್ಪಿಕೊಂಡಿತು. ಸೊಸೆಯ ಕೈಯಿಂದ ಪಿಂಗಾಣಿ ಜಾರಿದಾಗ ನೆಲದಲ್ಲಿ ನೀರು ಚೆಲ್ಲಿತ್ತೇ ಎಂದು ನೋಡದೆ ಬಾಯಿ ಮಾಡುವ ನಮ್ಮ ಮನೆಗಳಿಗೂ ಇದರಲ್ಲಿ ಪಾಠವಿಲ್ಲವೇ?

ಈಗ ನಮ್ಮ ಶಾಲೆಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ನಿಮ್ಮಲ್ಲಿ ಅಂಗಡಿ, ಟೈಲರಿಂಗ್ ಕೇಂದ್ರ, ಶಾಲೆ, ಜಮಾಅತ್ ಕಚೇರಿಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರಿಗೂ ಉಪಯೋಗವಾದೀತು. ಸರ್ವರಿನ ವಿಳಾಸವನ್ನು ಕಾಯ್ದಿರಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿದ್ದೇವೆ. ಯಂತ್ರಕ್ಕೆ ಯುಪಿಎಸ್ ಹಾಕಿಸಿದ್ದೇವೆ. ದಿನವೂ ಸಂಜೆ ಪ್ರತಿ ತೆಗೆಯುತ್ತೇವೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇವೆ, ಏಕೆಂದರೆ ತೆರೆದು ನೋಡದ ಬ್ಯಾಕಪ್ ಮುಚ್ಚಳ ತೆಗೆಯದ ಉಪ್ಪಿನಕಾಯಿ ಭರಣಿಯಂತೆ. ಒಳಗೆ ಬೂಷ್ಟು ಹಿಡಿದದ್ದು ಬಡಿಸುವ ದಿನವೇ ಗೊತ್ತಾಗುತ್ತದೆ. ಹೊರಗಿನ ಇಂಟರ್ನೆಟ್‌ನಿಂದ ಯಾರೂ 3306ನೇ ಬಾಗಿಲು ಬಡಿಯದಂತೆ ರೂಟರಿನಲ್ಲೇ ತಡೆದಿದ್ದೇವೆ. ಯಾರೇ ಬಂದು ಏನೇ ಅಳಿಸುವುದಿದ್ದರೂ ಮೊದಲು ಪ್ರತಿ, ಆಮೇಲೆ ರಿಪೇರಿ.

ಕಿಟಕಿಯ ಹೊರಗೆ ನಿಲ್ಲುವ ಸಹೋದರಿಯರಿಗೂ ಎರಡು ಮಾತು. ‘ಸರ್ವರ್ ಇಲ್ಲ’ ಎಂದಾಗ ಜಗಳ ಬೇಡ, ಕುಳಿತವರ ಕೈಯಲ್ಲಿ ಅದು ಇಲ್ಲದಿರಬಹುದು. ಆದರೆ ಸುಮ್ಮನೆಯೂ ಮರಳಬೇಡಿ. ಎಷ್ಟು ಹೊತ್ತಿನಿಂದ ಇಲ್ಲ, ಕೈಬರಹದಲ್ಲಿ ಮಾಡಿಕೊಡುವ ದಾರಿಯಿದೆಯೇ ಎಂದು ಮರ್ಯಾದೆಯಿಂದ ಕೇಳಿ. ಕೊನೆಯ ದಿನಾಂಕದ ಕೆಲಸವಾದರೆ ನೀವು ಇಂತಹ ದಿನ ಬಂದಿದ್ದಿರಿ ಎಂದು ಒಂದು ಚೀಟಿ ಬರೆಸಿಕೊಳ್ಳಿ. ಇನ್ನೊಂದು ಎಚ್ಚರಿಕೆ. ‘ಸರ್ವರ್ ಸಮಸ್ಯೆಯಾಗಿದೆ, ನಿಮ್ಮ ಮೊಬೈಲಿಗೆ ಬಂದ ಒಟಿಪಿ ಹೇಳಿ’ ಎಂದು ಯಾರಾದರೂ ಫೋನ್ ಮಾಡಿದರೆ ಕೂಡಲೇ ಇಟ್ಟುಬಿಡಿ. ಕೇಬಲ್, ವಿಳಾಸ, ಬಾಗಿಲು, ಉಗ್ರಾಣಿ, ಇವುಗಳಲ್ಲಿ ಯಾವುದನ್ನು ಸರಿಪಡಿಸಲೂ ನಿಮ್ಮ ಒಟಿಪಿ ಬೇಕಾಗಿಲ್ಲ ಎಂದು ಈಗ ನಿಮಗೆ ತಿಳಿದಿದೆ.

ಆ ತಾಯಿಯ ವಿಷಯ ಹೇಳದೆ ಮುಗಿಸುವಂತಿಲ್ಲ. ಅಕ್ಕನ ಮಗನಿಗೆ ಫೋನ್ ಮಾಡುವ ಮೊದಲೇ ನಾನು ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ, “ಮೇಡಂ, ದಾಖಲಾತಿ ಪುಸ್ತಕ ಇದೆಯಲ್ಲವೇ?” ಎಂದು ಕೇಳಿದ್ದೆ. ಕಪಾಟಿನಲ್ಲಿ ದಪ್ಪ ರಟ್ಟಿನ ಆ ಪುಸ್ತಕ ಇತ್ತು. ಹುಡುಗಿಯ ಹೆಸರು, ಜನನ ದಿನಾಂಕ, ಸೇರಿದ ವರ್ಷ ಎಲ್ಲವೂ ಶಾಯಿಯಲ್ಲಿ ಬರೆದಿತ್ತು. ಕೈಯಲ್ಲೇ ಪ್ರಮಾಣಪತ್ರ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟೆವು. ಕಾಲು ಗಂಟೆಯ ಕೆಲಸ. ಅವರು ಹನ್ನೊಂದರ ಬಸ್ಸು ಹಿಡಿದರು. ಸೀಟು ಸಿಕ್ಕಿತು.

ಹೊರಡುವ ಮುನ್ನ ಆ ತಾಯಿ ಪತ್ರವನ್ನು ಸೆರಗಿನೊಳಗೆ ಜೋಪಾನವಾಗಿ ಇಟ್ಟುಕೊಂಡು, ಯಾವ ಸಿಟ್ಟೂ ಇಲ್ಲದೆ ಕೇಳಿದರು:

“ಇದನ್ನು ಶನಿವಾರವೇ ಬರೆದುಕೊಡಬಹುದಿತ್ತಲ್ಲವೇ ಟೀಚರ್?”

ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರದ ಸಂಪರ್ಕ ಕಡಿದಾಗ ನಾವು ನಮ್ಮ ಬುದ್ಧಿಯ ಸಂಪರ್ಕವನ್ನೂ ಕಡಿದುಕೊಂಡಿದ್ದೆವು. ಈಗ ಆ ದಾಖಲಾತಿ ಪುಸ್ತಕ ಬೀಗದ ಕಪಾಟಿನಲ್ಲಿಲ್ಲ. ಕಚೇರಿಯ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲೇ ಇದೆ. ಅದರ ಮೇಲೆ ನಮ್ಮ ಹುಡುಗಿಯದೊಂದು ಪುಟ್ಟ ನೋಟ್ ಪುಸ್ತಕ. ಪರದೆಯ ಮೇಲೆ ಏನೇ ಬಂದರೂ ಮುಚ್ಚುವ ಮೊದಲು ಅಕ್ಷರ ಬಿಡದೆ ಅದರಲ್ಲಿ ಬರೆದಿಡುತ್ತಾಳೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ, ಇನ್ಶಾ ಅಲ್ಲಾಹ್.